ಹರಿಹರದ ಶಿಲ್ಪ ಹುಡುಕಲು ‘ಚಿತಲ್‌ಡ್ರೂಗ್’ ಕಪಾಟಿಗೆ ಹೋಗಿ

ಪ್ರಶ್ನೆ: ದಾವಣಗೆರೆಯಲ್ಲಿ ಇತಿಹಾಸ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕಿರುಪ್ರಬಂಧಕ್ಕೆ ‘ದಾವಣಗೆರೆ ಜಿಲ್ಲೆಯ ಪ್ರಾಚೀನ ಶಿಲ್ಪಕಲೆ’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ಹರಿಹರ, ಬಾಗಳಿ, ಆನೆಕೊಂಡ ಮನಸ್ಸಿನಲ್ಲಿವೆ. ಮಾರ್ಗದರ್ಶಕರು ‘ವೆಬ್‌ಸೈಟ್ ಬೇಡ, ಲೈಬ್ರರಿ ಆಕರ ಬೇಕು’ ಅನ್ನುತ್ತಾರೆ. ಲೈಬ್ರರಿ ಕಂಪ್ಯೂಟರಿನಲ್ಲಿ ‘ದಾವಣಗೆರೆ ಶಿಲ್ಪ’ ಎಂದು ಹೊಡೆದರೆ ಒಂದೂ ಬರುವುದಿಲ್ಲ. ಕಲೆಯ ಕಪಾಟಿನಲ್ಲಿ ಸಾಂಚಿ, ಅಜಂತಾ ಬಿಟ್ಟು ಮುಂದಕ್ಕೆ ಏನೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಒಂದು ತಿದ್ದುಪಡಿ. ಬಾಗಳಿ ಈಗ ನಿಮ್ಮ ಜಿಲ್ಲೆಯಲ್ಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಾಗಳಿ ಇರುವ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ಇತ್ತ ಬಂತು. ಈಗ ಅದು ವಿಜಯನಗರ ಜಿಲ್ಲೆಯ ಪಾಲು. ಶೀರ್ಷಿಕೆಯಲ್ಲಿ ‘ದಾವಣಗೆರೆ ಜಿಲ್ಲೆ’ ಎಂದಿಟ್ಟು ಒಳಗೆ ಬಾಗಳಿಯ ಅಧ್ಯಾಯ ಬರೆದರೆ ವೈವಾದಲ್ಲಿ ಮೊದಲ ಪ್ರಶ್ನೆ ಅದೇ ಬರುತ್ತದೆ. ‘ಹರಿಹರ–ಹರಪನಹಳ್ಳಿ ಪ್ರದೇಶದ’ ಎಂದು ಬದಲಿಸಿಕೊಳ್ಳಿ, ಇಲ್ಲವೇ ಬಾಗಳಿಯನ್ನು ಹೋಲಿಕೆಗೆ ಮಾತ್ರ ಇಟ್ಟುಕೊಳ್ಳಿ.

ಇದು ಬರೀ ಶೀರ್ಷಿಕೆಯ ತೊಡಕಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ನಿಮಗೆ ಪುಸ್ತಕ ಸಿಗದಿರುವುದಕ್ಕೂ ಕಾರಣ ಇದೇ. ಈ ಭಾಗದ ಗುಡಿ, ಶಿಲ್ಪ, ಶಾಸನಗಳ ಮೂಲ ದಾಖಲೆ ಬಹುಪಾಲು 1890ರಿಂದ 1940ರ ನಡುವೆ ಅಚ್ಚಾಗಿದೆ. ಆಗ ದಾವಣಗೆರೆ ಎಂಬ ಜಿಲ್ಲೆಯೇ ಇರಲಿಲ್ಲ. ಇಂದಿನ ನಕ್ಷೆ ಹಿಡಿದು ನೂರು ವರ್ಷದ ಹಿಂದಿನ ಪುಸ್ತಕದಲ್ಲಿ ಹುಡುಕಿದರೆ ಎದುರಿಗಿದ್ದದ್ದೂ ಕಾಣುವುದಿಲ್ಲ. ಆದ್ದರಿಂದ ಪುಸ್ತಕ ಮುಟ್ಟುವ ಮೊದಲು ನಿಮ್ಮ ಪ್ರತಿ ಊರಿನ ಪಕ್ಕದಲ್ಲಿ ಅದರ ಹಳೆಯ ಜಿಲ್ಲೆ, ಹಳೆಯ ತಾಲ್ಲೂಕು ಬರೆದಿಟ್ಟುಕೊಳ್ಳಿ.

ದಾವಣಗೆರೆ, ಹರಿಹರ, ಜಗಳೂರು ಹಿಂದೆ ಚಿತ್ರದುರ್ಗ ಜಿಲ್ಲೆ. ಇವುಗಳ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಮಾಲೆಯ 11ನೆಯ ಸಂಪುಟದಲ್ಲಿವೆ (1903). ಅದರ ಬೆನ್ನ ಮೇಲೆ ‘ಚಿತಲ್‌ಡ್ರೂಗ್’ ಎಂದು (ಚಿತ್ರದುರ್ಗದ ಅಂದಿನ ಇಂಗ್ಲಿಷ್ ಹೆಸರು) ಅಚ್ಚಾಗಿರುತ್ತದೆ. ಆಗ ಹರಿಹರ ದಾವಣಗೆರೆ ತಾಲ್ಲೂಕಿನೊಳಗೇ ಇದ್ದುದರಿಂದ ಹರಿಹರದ ಶಾಸನಗಳು ‘ದಾವಣಗೆರೆ ತಾಲ್ಲೂಕು’ ಎಂಬ ತಲೆಬರಹದ ಕೆಳಗಿವೆ. ಹರಿಹರ ಎಂಬ ತಾಲ್ಲೂಕನ್ನು ಪರಿವಿಡಿಯಲ್ಲಿ ಹುಡುಕಿ, ಕಾಣದೆ ಪುಸ್ತಕ ಮುಚ್ಚಿಟ್ಟು ಬರುವವರೇ ಹೆಚ್ಚು. ಚನ್ನಗಿರಿ, ಹೊನ್ನಾಳಿ ಹಿಂದೆ ಶಿವಮೊಗ್ಗ ಜಿಲ್ಲೆ. ಅವು 7ನೆಯ ಸಂಪುಟದಲ್ಲಿವೆ (1902). ಹರಪನಹಳ್ಳಿಯ ದಾರಿಯೇ ಬೇರೆ. ಅದು ಮೈಸೂರು ಸಂಸ್ಥಾನವಲ್ಲ, ಮದರಾಸು ಪ್ರಾಂತ್ಯದ ಬಳ್ಳಾರಿ. ಹಾಗಾಗಿ ಬಾಗಳಿಯ ಶಾಸನಗಳು ರೈಸರ ಹಳೆಯ ಸಂಪುಟಗಳಲ್ಲಿ ಇಲ್ಲವೇ ಇಲ್ಲ. ಅವಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟ ತೆಗೆಯಬೇಕು. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳಿಗೆ ಮೀಸಲಾದ ಆ ಸಂಪುಟ ಎರಡು ಭಾಗಗಳಲ್ಲಿದೆ (1939, 1941). ಬಾಗಳಿ ಗುಡಿಯ ಅಳತೆ ನಕ್ಷೆ, ಕಂಬ ಬಾಗಿಲುವಾಡಗಳ ರೇಖಾಚಿತ್ರ ಬೇಕಾದರೆ ಅಲೆಕ್ಸಾಂಡರ್ ರೀ 1896ರಲ್ಲಿ ಬಳ್ಳಾರಿ ಜಿಲ್ಲೆಯ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ ತಂದ ದೊಡ್ಡ ಪುಸ್ತಕ ನೋಡಿ. ಕುರುವತ್ತಿಯೂ ಅದರಲ್ಲೇ ಇದೆ.

ಎರಡನೆಯ ತೊಡಕು ‘ಪ್ರಾಚೀನ’ ಎಂಬ ಪದದ್ದು. ಮಾತಿನಲ್ಲಿ ನಾವು ಹೊಯ್ಸಳರದನ್ನೂ ಪ್ರಾಚೀನ ಅನ್ನುತ್ತೇವೆ. ಇಂಗ್ಲಿಷ್ ಕಲಾಚರಿತ್ರೆಯ ಪುಸ್ತಕಗಳು ಹಾಗೆ ಅನ್ನುವುದಿಲ್ಲ. ಅಲ್ಲಿ ಪ್ರಾಚೀನ ಎಂದರೆ ಮೌರ್ಯ, ಶಾತವಾಹನ, ಹೆಚ್ಚೆಂದರೆ ಗುಪ್ತರ ಕಾಲ. ಆಮೇಲಿನದೆಲ್ಲ ‘ಆದಿ ಮಧ್ಯಯುಗ’ ಅಥವಾ ‘ಮಧ್ಯಯುಗ’. ನಿಮ್ಮ ಕಪಾಟು ಸಾಂಚಿ, ಅಜಂತಾಕ್ಕೆ ನಿಂತಿರುವುದು ಇದಕ್ಕೇ. ಲೈಬ್ರರಿ ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣವೂ ಇದೇ ಗೆರೆ ಎಳೆದಿದೆ: ಭಾರತದ ಪ್ರಾಚೀನ ಇತಿಹಾಸ 934, ಅದು ಕ್ರಿ.ಶ. 647ಕ್ಕೆ ಮುಗಿಯುತ್ತದೆ. ಹರಿಹರದ ಗುಡಿ 13ನೆಯ ಶತಮಾನದ್ದು, ಆ ಕಪಾಟಿಗೆ ಬರುವುದೇ ಇಲ್ಲ.

ನಿಮ್ಮ ಲೈಬ್ರರಿ ಡ್ಯೂಯಿ ಸಂಖ್ಯೆ ಬಳಸುತ್ತಿದ್ದರೆ (ಪುಸ್ತಕದ ಬೆನ್ನಿನ ಚೀಟಿ ನೋಡಿದರೆ ತಿಳಿಯುತ್ತದೆ) ಕಲೆಯ ಕಪಾಟೊಂದನ್ನೇ ನೋಡಿ ಬರಬೇಡಿ. ಭಾರತೀಯ ಕಲೆಯ ಇತಿಹಾಸ 709.54ರಲ್ಲಿ, ಶಿಲ್ಪ 730ರಲ್ಲಿ, ಹಿಂದೂ ದೇವಾಲಯ ವಾಸ್ತು 726.145ರಲ್ಲಿ, ನಾಣ್ಯ 737.4ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ. ಪ್ರತಿಮಾಶಾಸ್ತ್ರದ ಪುಸ್ತಕಗಳಂತೂ 704ರಲ್ಲೂ ಇರಬಹುದು, ಹಿಂದೂ ಧರ್ಮದ 294.5ರಲ್ಲೂ ಇರಬಹುದು, ಚೀಟಿ ಅಂಟಿಸಿದವರ ತೀರ್ಮಾನ. ಶಾಸನ ಸಂಪುಟಗಳನ್ನು ಕನ್ನಡ ವಿಭಾಗದವರು ತರಿಸಿದ್ದರೆ ಭಾಷೆಯ ಲೆಕ್ಕಕ್ಕೆ 494.814ರಲ್ಲಿ ಹಳಗನ್ನಡ ವ್ಯಾಕರಣದ ಪಕ್ಕ ಕೂತಿರುತ್ತವೆ. ಈ ಎಂಟು ಜಾಗ ಸುತ್ತಲು ಒಂದು ಗಂಟೆ ಸಾಕು. ಕಂಪ್ಯೂಟರಿನ ಮುಂದೆ ಮೂರು ಗಂಟೆ ಕೂರುವುದಕ್ಕಿಂತ ಇದರಿಂದ ಹೆಚ್ಚು ಸಿಗುತ್ತದೆ.

ಕಂಪ್ಯೂಟರಿನ ವಿಷಯ. ಓಪ್ಯಾಕ್ (ಲೈಬ್ರರಿಯ ಕಂಪ್ಯೂಟರ್ ಪುಸ್ತಕಪಟ್ಟಿ) ಪುಸ್ತಕದ ಹೆಸರು, ಬರೆದವರ ಹೆಸರು, ಕೊಟ್ಟಿದ್ದರೆ ವಿಷಯಪದ, ಇಷ್ಟನ್ನೇ ನೋಡುತ್ತದೆ. ಪುಸ್ತಕದ ಹೊಟ್ಟೆಯಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯದು. ಇಡೀ ಶಾಸನ ಮಾಲೆ ಅದಕ್ಕೆ ಒಂದೇ ಹೆಸರು. ಒಳಗೆ ಹರಿಹರ ಇದೆಯೆಂದು ಎಲ್ಲೂ ನಮೂದಾಗಿರುವುದಿಲ್ಲ. ಜೊತೆಗೆ ಕನ್ನಡ ಪುಸ್ತಕಗಳನ್ನು ಒಂದು ಕಾಲದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿರುತ್ತಾರೆ, ಇನ್ನೊಂದು ಕಾಲದಲ್ಲಿ ಯೂನಿಕೋಡ್ ಕನ್ನಡದಲ್ಲಿ. ಹಾಗಾಗಿ ಪ್ರತಿ ಪದವನ್ನೂ ಎರಡು ಲಿಪಿಯಲ್ಲಿ ಹುಡುಕಿ. ಇಂಗ್ಲಿಷಿನಲ್ಲಿ ಹುಡುಕುವಾಗ ಹೆಸರಿನ ಕೊನೆ ಬಿಟ್ಟುಬಿಡಿ: ಹರಿಹರ್ ಎಂದೂ ಇರುತ್ತದೆ, ಹರಿಹರ ಎಂದೂ ಇರುತ್ತದೆ, ದಾವಣಗೆರೆಯ ನಡುವಿನ ‘ಎ’ ಕೆಲವರು ಹಾಕುತ್ತಾರೆ ಕೆಲವರು ಹಾಕುವುದಿಲ್ಲ. ಕೋಹಾದಂಥ ತಂತ್ರಾಂಶದಲ್ಲಿ ಮೊದಲ ಐದು ಅಕ್ಷರ ಹೊಡೆದು ನಕ್ಷತ್ರ ಚಿಹ್ನೆ ಹಾಕಿದರೆ ಉಳಿದ ರೂಪಗಳೆಲ್ಲ ಬರುತ್ತವೆ. ‘ಶಿಲ್ಪ’ ಒಂದೇ ಸಾಲದು. ದೇವಾಲಯ, ವಾಸ್ತು, ಮೂರ್ತಿಶಿಲ್ಪ, ಪ್ರತಿಮಾ, ಶಾಸನ, ಪುರಾತತ್ತ್ವ (ಒತ್ತಕ್ಷರ ಬೇರೆಯಾಗಿ ‘ಪುರಾತತ್ವ’ ಎಂದೂ), ನೊಳಂಬ, ಉಚ್ಚಂಗಿ, ಇವೆಲ್ಲ ಬೇಕು. ಕಲ್ಯಾಣ ಚಾಲುಕ್ಯರಿಗೆ ಪಶ್ಚಿಮ ಚಾಲುಕ್ಯ, ಉತ್ತರಕಾಲೀನ ಚಾಲುಕ್ಯ ಎಂಬ ಹೆಸರುಗಳೂ ಇವೆ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

ಹಳೆಯ ಕಾಲೇಜುಗಳಲ್ಲಿ ಕಂಪ್ಯೂಟರಿಗೆ ಏರಿರುವುದು ಇತ್ತೀಚಿನ ಪುಸ್ತಕ ಮಾತ್ರ ಎಂಬುದೂ ಸಾಮಾನ್ಯ. ‘ಇಲ್ಲ’ ಎಂದು ಪರದೆ ಹೇಳಿದ್ದನ್ನು ನಂಬಿ ಹೊರಡಬೇಡಿ. ಲೈಬ್ರರಿಯನ್ನರ ಬಳಿ ದಪ್ಪ ರಟ್ಟಿನ ಅಕ್ಸೆಶನ್ ರಿಜಿಸ್ಟರ್ ಇರುತ್ತದೆ, ಪುಸ್ತಕ ಬಂದ ದಿನಾಂಕದ ಕ್ರಮದಲ್ಲಿ. ವಿನಯವಾಗಿ ಕೇಳಿದರೆ ಅಲ್ಲೇ ಕೂತು ನೋಡಲು ಬಿಡುತ್ತಾರೆ. ‘ದಾನ’ ಎಂದು ಷರಾ ಬರೆದಿರುವ ಸಾಲುಗಳನ್ನು ನಿಧಾನವಾಗಿ ನೋಡಿ. ನಿವೃತ್ತ ಅಧ್ಯಾಪಕರು ಕೊಟ್ಟು ಹೋದ ಗಂಟಿನಲ್ಲಿ ಹಳೆಯ ವರದಿಗಳು ಇರುವುದುಂಟು. ರೆಫರೆನ್ಸ್ ಬೀರುವಿನ ಬೀಗ ತೆಗೆಸಿ. ಕನ್ನಡ ವಿಭಾಗದ ಲೈಬ್ರರಿ ಬೇರೆ ಇದ್ದರೆ ಅಲ್ಲೂ ವಿಚಾರಿಸಿ. ಊರಲ್ಲೇ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಶಿಲ್ಪದ ಪುಸ್ತಕ ಹುಡುಕುವ ಇತಿಹಾಸದ ವಿದ್ಯಾರ್ಥಿಗಳು ಅತ್ತ ತಲೆ ಹಾಕದಿರುವುದು ಯಾಕೋ ತಿಳಿಯದು.

ಇನ್ನು ಓದಿನ ಕ್ರಮ. ಪುಸ್ತಕದಿಂದ ಶಿಲ್ಪಕ್ಕೆ ಬರಬೇಡಿ, ಶಿಲ್ಪದಿಂದ ಪುಸ್ತಕಕ್ಕೆ ಹೋಗಿ. ಮೂರೂ ಊರುಗಳ ಎಲ್ಲ ಶಿಲ್ಪ ಎಂದುಕೊಂಡರೆ ಕಿರುಪ್ರಬಂಧ ಪಟ್ಟಿಯಾಗುತ್ತದೆ. ಆರೋ ಎಂಟೋ ಶಿಲ್ಪ ಆರಿಸಿ. ಒಂದೊಂದಕ್ಕೂ ಒಂದು ಹಾಳೆ: ಗುಡಿಯ ಯಾವ ಭಾಗದಲ್ಲಿದೆ (ಬಾಗಿಲ ಮೇಲಿನ ಪಟ್ಟಿಯ ನಡುವಿನ ಲಲಾಟಬಿಂಬವೋ, ನವರಂಗದ ಒಳಛಾವಣಿಯ ಭುವನೇಶ್ವರಿಯೋ, ಹೊರಗೋಡೆಯೋ), ಯಾವ ದಿಕ್ಕು, ಎತ್ತರ ಅಗಲ ಸೆಂಟಿಮೀಟರಿನಲ್ಲಿ, ಕಲ್ಲು ಯಾವುದು (ಬಳಪದ ಕಲ್ಲೋ ಕಣಶಿಲೆಯೋ), ನಿಂತಿದೆಯೋ ಕೂತಿದೆಯೋ, ಕೈ ಎಷ್ಟು, ಯಾವ ಕೈಯಲ್ಲಿ ಏನು, ಏನು ಮುರಿದಿದೆ. ಫೋಟೊ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ನಡುಹಗಲಲ್ಲಿ ತೆಗೆದರೆ ಸವೆದ ಗೆರೆ ಕಾಣುವುದಿಲ್ಲ. ಅಕ್ಷರ ಕಾಣಲೆಂದು ಶಾಸನದ ಮೇಲೆ ಸೀಮೆಸುಣ್ಣ ಉಜ್ಜುವುದು, ಎಣ್ಣೆ ಹಚ್ಚುವುದು ಬೇಡವೇ ಬೇಡ. ಮೊಬೈಲ್ ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿದರೆ ಅಷ್ಟೇ ಚೆನ್ನಾಗಿ ಕಾಣುತ್ತದೆ. ಅಭ್ಯಾಸಕ್ಕೆ ಊರಿನ ಅಂಚಿನ ಆನೆಕೊಂಡದ ಈಶ್ವರ ದೇವಸ್ಥಾನದಿಂದಲೇ ಶುರು ಮಾಡಿ. ಗುಡಿ ಚಿಕ್ಕದು, ಒಂದೇ ದಿನದಲ್ಲಿ ಮುಗಿಯುತ್ತದೆ, ಅನುಮಾನ ಬಂದರೆ ಮತ್ತೆ ಹೋಗಿ ನೋಡಬಹುದು.

ಕೈಗಳ ವಿಷಯದಲ್ಲಿ ತಪ್ಪು ಹೆಚ್ಚು, ಅದನ್ನು ಬಿಡಿಸಿ ಹೇಳಬೇಕು. ಪ್ರತಿಮಾಶಾಸ್ತ್ರದಲ್ಲಿ ‘ಬಲ’ ಎಂದರೆ ದೇವರ ಬಲ, ನೋಡುವವರ ಬಲವಲ್ಲ. ಹರಿಹರೇಶ್ವರನನ್ನೇ ತೆಗೆದುಕೊಳ್ಳಿ. ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಎದುರಿಗೆ ನಿಂತ ನಿಮಗೆ ಶಿವ ಎಡಕ್ಕೆ ಕಾಣುತ್ತಾನೆ. ನಾಲ್ಕು ಕೈಯ ವಿಷ್ಣುವನ್ನು ಗುರುತಿಸುವಾಗ ಈ ಒಂದು ಅಂಶ ತಪ್ಪಿದರೆ ಹೆಸರೇ ತಪ್ಪುತ್ತದೆ, ಏಕೆಂದರೆ ಶಂಖ, ಚಕ್ರ, ಗದೆ, ಪದ್ಮ ಕೈ ಬದಲಿಸಿದಂತೆ ಇಪ್ಪತ್ತನಾಲ್ಕು ಹೆಸರು ಹುಟ್ಟುತ್ತವೆ. ಎಣಿಕೆ ಪ್ರದಕ್ಷಿಣೆಯಂತೆ: ಕೆಳಬಲ, ಮೇಲುಬಲ, ಮೇಲೆಡ, ಕೆಳಎಡ. ಆ ಕ್ರಮದಲ್ಲಿ ಪದ್ಮ, ಶಂಖ, ಚಕ್ರ, ಗದೆ ಬಂದರೆ ಕೇಶವ. ಕೆಲವು ಲೇಖಕರು ಮೇಲುಬಲದಿಂದ ಎಣಿಸುತ್ತಾರೆ, ಗ್ರಂಥದಿಂದ ಗ್ರಂಥಕ್ಕೆ ಪಟ್ಟಿಯಲ್ಲೂ ವ್ಯತ್ಯಾಸವಿದೆ. ಹಾಗಾಗಿ ಯಾವ ಪುಸ್ತಕದ ಪಟ್ಟಿ ಬಳಸಿದ್ದೀರಿ, ಎಣಿಕೆ ಎಲ್ಲಿಂದ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಒಂದು ಸಲ ಹೇಳಿಬಿಡಿ. ಟಿ.ಎ. ಗೋಪಿನಾಥರಾಯರ ಪ್ರತಿಮಾಶಾಸ್ತ್ರ ಸಂಪುಟಗಳು (1914–16) ಈ ಕೆಲಸಕ್ಕೆ ಇಂದಿಗೂ ಕೈಗೆ ಬರುವಂಥವು; ಎರಡು ಸಂಪುಟ, ಒಂದೊಂದಕ್ಕೂ ಎರಡು ಭಾಗ. ಆದರೆ ಅವರ ಉದಾಹರಣೆಗಳಲ್ಲಿ ತಮಿಳುನಾಡು, ಕೇರಳದ್ದೇ ಪಾಲು ಹೆಚ್ಚು. ನಮ್ಮ ಭಾಗದ ಶಿಲ್ಪ ಅಲ್ಲಿನ ಲಕ್ಷಣಕ್ಕೆ ಹೊಂದದಿದ್ದರೆ ಶಿಲ್ಪಿ ತಪ್ಪಿದ ಎಂದು ಬರೆಯಬೇಡಿ. ಇನ್ನೊಂದು ಎಚ್ಚರ: ಹಳೆಯ ಪುಸ್ತಕಗಳಲ್ಲಿ ಚಿತ್ರ ಮುದ್ರಣದಲ್ಲಿ ಎಡಬಲ ತಿರುವುಮುರುವು ಆಗಿರುವುದುಂಟು. ನಿಮ್ಮದೇ ಫೋಟೊದೊಂದಿಗೆ ಹೋಲಿಸಿ.

ಹೋಲಿಕೆಗೆ ಬೇಕಾದ ಮುಖ್ಯ ಗ್ರಂಥ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ತಂದಿರುವ ಭಾರತೀಯ ದೇವಾಲಯ ವಾಸ್ತುವಿನ ವಿಶ್ವಕೋಶ. ಅದರ ಮೊದಲ ಸಂಪುಟದ ಮೂರನೆಯ ಭಾಗ (1996, ಎಂ.ಎ. ಢಾಕಿ) ಕರ್ನಾಟಕದ 973ರಿಂದ 1326ರವರೆಗಿನ ಗುಡಿಗಳದ್ದು, ಎಂದರೆ ಕಲ್ಯಾಣ ಚಾಲುಕ್ಯ, ಹೊಯ್ಸಳ ಕಾಲದ್ದು. ಅದಕ್ಕಿಂತ ಹಿಂದಿನದಕ್ಕೆ ಎರಡನೆಯ ಭಾಗ. ಪ್ರತಿ ಭಾಗವೂ ಎರಡು ಬೈಂಡು: ಪಠ್ಯ ಒಂದು, ಚಿತ್ರಫಲಕ ಇನ್ನೊಂದು. ಕಪಾಟಿನಲ್ಲಿ ಒಂದೇ ಕಂಡರೆ ಇನ್ನೊಂದು ಬೇರೆ ಕಡೆ ಇದೆಯೇ ಎಂದು ಕೇಳಿ. ಢಾಕಿಯವರ ಪರಿಭಾಷೆ ಪೂರ್ತಿ ಸಂಸ್ಕೃತ. ಮೊದಲ ಹತ್ತು ಪುಟ ತಲೆ ಸುತ್ತುತ್ತದೆ. ಪಠ್ಯದ ಕೊನೆಯಲ್ಲಿರುವ ಪದಕೋಶ ಝೆರಾಕ್ಸ್ ಮಾಡಿಸಿ ಪಕ್ಕದಲ್ಲಿಟ್ಟುಕೊಂಡು ಓದಿ.

ಈಗ ಶಾಸನ ಸಂಪುಟದ ಒಳಗೆ ಹೋಗೋಣ. ರೈಸರ ಸಂಪುಟದಲ್ಲಿ ಇಂಗ್ಲಿಷ್ ಪೀಠಿಕೆ, ಕಾಲಾನುಕ್ರಮದ ಪಟ್ಟಿ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಕನ್ನಡ ಲಿಪಿಯ ಪಾಠ, ಇಷ್ಟು ಇವೆ. ಒಂದೇ ಶಾಸನ ಮೂರು ಕಡೆ ಬರುವುದರಿಂದ ಪುಟಸಂಖ್ಯೆ ಕೊಟ್ಟರೆ ಯಾರಿಗೂ ಉಪಯೋಗವಿಲ್ಲ. ‘ಎ.ಕ., ಸಂ. 11 (1903), ದಾವಣಗೆರೆ ತಾ.’ ಎಂದು ಬರೆದು ಶಾಸನದ ಸಂಖ್ಯೆ ಕೊಡಿ. ವರ್ಷ ಬಿಡಬಾರದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ತರುತ್ತಿರುವ ಪರಿಷ್ಕೃತ ಮಾಲೆಯ ಸಂಪುಟಸಂಖ್ಯೆ ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ 5ನೆಯದು ಹಾಸನ, ಪರಿಷ್ಕೃತ 5ನೆಯದು ಮೈಸೂರು ಜಿಲ್ಲೆ. ವರ್ಷವಿಲ್ಲದ ‘ಎ.ಕ. 5’ ನೋಡಿ ತಪ್ಪು ಸಂಪುಟದಲ್ಲಿ ತಡಕಾಡುವವರು ಇದ್ದೇ ಇದ್ದಾರೆ.

ಪೀಠಿಕೆ, ಅನುವಾದ ಇಷ್ಟನ್ನೇ ಓದಿ ಬಿಡಬೇಡಿ. ಅನುವಾದದಲ್ಲಿ ಗುಡಿಯ ಭಾಗಗಳ ಹೆಸರು, ಕೆಲಸದ ಹೆಸರು ತೆಳುವಾಗುತ್ತವೆ. ಮೂಲದಲ್ಲಿ ‘ಮಾಡಿಸಿದ’ ಎಂದಿದೆಯೋ ‘ಜೀರ್ಣೋದ್ಧಾರ’ ಎಂದಿದೆಯೋ, ‘ಪ್ರತಿಷ್ಠೆ’ ಎಂದಿದೆಯೋ ‘ಅಂಗಭೋಗ ರಂಗಭೋಗಕ್ಕೆ ಬಿಟ್ಟ ದತ್ತಿ’ (ದೇವರ ಪೂಜೆ, ನೃತ್ಯಸೇವೆಗಳ ಖರ್ಚಿಗೆ) ಎಂದಿದೆಯೋ, ಕಲಾಚರಿತ್ರೆಗೆ ಬೇಕಾದದ್ದು ಅದೇ. ಗುಡಿಯೊಳಗೆ ಶಾಸನ ಇದೆ ಎಂದ ಮಾತ್ರಕ್ಕೆ ಶಾಸನದ ಕಾಲವೇ ಗುಡಿಯ ಕಾಲವಲ್ಲ. ನೂರು ವರ್ಷದ ಹಿಂದೆ ಕಟ್ಟಿದ ಗುಡಿಗೆ ಯಾರೋ ಎಣ್ಣೆಬತ್ತಿಗೆ ಗದ್ದೆ ಬಿಟ್ಟಿರಬಹುದು. ಹರಿಹರದಲ್ಲಿ ಇದು ಎದ್ದು ಕಾಣುತ್ತದೆ. ಗುಡಿ ಕಟ್ಟಿಸಿದ್ದು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ, 1223–24ರಲ್ಲಿ. 1268ರಲ್ಲಿ ಮೂರನೆಯ ನರಸಿಂಹನ ದಂಡನಾಯಕ ಸೋಮ ಅದಕ್ಕೆ ಕೆಲವನ್ನು ಸೇರಿಸಿದ. ಸೋಮನಾಥಪುರ ಕಟ್ಟಿಸಿದವನೂ ಅವನೇ. ಎರಡರ ನಡುವೆ ನಲವತ್ತನಾಲ್ಕು ವರ್ಷ. ನೀವು ಆರಿಸಿದ ಕಂಬವೋ ಶಿಲ್ಪವೋ ಯಾವ ಹಂತದ್ದು ಎಂದು ಕೇಳಿಕೊಳ್ಳದೆ ‘1224ರ ಶಿಲ್ಪ’ ಎಂದು ಬರೆದರೆ ಅರ್ಧ ಪ್ರಬಂಧ ಅಲುಗಾಡುತ್ತದೆ. ಬಾಗಳಿಯ ಕಲ್ಲೇಶ್ವರನದೂ ಇದೇ ಕತೆ: 987ರ ಶಾಸನವಿದೆ, ಕಲ್ಯಾಣ ಚಾಲುಕ್ಯ ಇಮ್ಮಡಿ ತೈಲಪನ ಕಾಲದ್ದು, ಆದರೆ ಗರ್ಭಗುಡಿಯೂ ಮುಂದಿನ ತೆರೆದ ಮಂಟಪವೂ ಒಂದೇ ಕೈಯ ಕೆಲಸವಲ್ಲ. ಕಂಬಗಳನ್ನು ನೋಡಿಯೇ ಇದನ್ನು ಹೇಳಬೇಕು, ಶಾಸನ ನೋಡಿ ಅಲ್ಲ.

ಕಾಲದ ಲೆಕ್ಕವನ್ನು ಪುಸ್ತಕದಿಂದ ನಕಲು ಮಾಡುವ ಬದಲು ಒಮ್ಮೆ ನೀವೇ ಹಾಕಿ ನೋಡಿ. ‘ಶಕ 1146, ತಾರಣ ಸಂವತ್ಸರ’ ಎಂದಿದೆ ಎಂದುಕೊಳ್ಳಿ. 78 ಸೇರಿಸಿದರೆ 1224. ಇದು ಸರಿಯೇ ಎಂದು ಸಂವತ್ಸರದಿಂದ ಪರೀಕ್ಷಿಸಬಹುದು: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವನ್ನು ಪ್ರಭವದಿಂದ ಎಣಿಸಿ. 1158ನ್ನು 60ರಿಂದ ಭಾಗಿಸಿದರೆ ಶೇಷ 18. ಪ್ರಭವದಿಂದ ಹದಿನೆಂಟನೆಯದು ತಾರಣ. ಕೂಡಿತು. ಶೇಷ ಸೊನ್ನೆ ಬಂದರೆ ಅರವತ್ತನೆಯ ಅಕ್ಷಯ. ಶಾಸನದಲ್ಲಿ 1147 ತಾರಣ ಎಂದಿದ್ದರೆ? 1147ಕ್ಕೆ ಪಾರ್ಥಿವ ಬರುತ್ತದೆ, ಒಂದು ವರ್ಷ ಹೆಚ್ಚು. ಅಲ್ಲಿ ಬರೆದವನು ಮುಗಿದ ವರ್ಷವನ್ನಲ್ಲ, ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾನೆ. ಒಂದು ಕಳೆದು ಲೆಕ್ಕ ಹಾಕಬೇಕು. ವ್ಯತ್ಯಾಸ ಒಂದಕ್ಕಿಂತ ಹೆಚ್ಚಿದ್ದರೆ ಅಂಕಿ ಸವೆದಿರಬೇಕು, ಓದಿದವರು ತಪ್ಪಿರಬೇಕು, ಇಲ್ಲವೇ ಶಾಸನವೇ ಆಮೇಲೆ ಬರೆಸಿದ್ದಿರಬೇಕು. ತಿಂಗಳೂ ನೋಡಿ. ಮಾಘ, ಫಾಲ್ಗುಣ ಸಾಮಾನ್ಯವಾಗಿ ಮುಂದಿನ ಇಸವಿಗೆ ಬೀಳುವುದರಿಂದ 78ರ ಬದಲು 79 ಕೂಡಿಸಬೇಕು. ಪುಷ್ಯ ಎರಡೂ ಕಡೆ ಕಾಲು ಚಾಚುತ್ತದೆ, ಅದಕ್ಕೆ ತಿಥಿ ಹಿಡಿದು ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಪಟ್ಟಿ (ಕ್ರಿ.ಶ. 700ರಿಂದ 1799) ತೆರೆಯಲೇಬೇಕು. ಒಂದೇ ಗುಡಿಗೆ ಒಂದು ಪುಸ್ತಕ 1223 ಎಂದು, ಇನ್ನೊಂದು 1224 ಎಂದು ಬರೆಯುವುದಕ್ಕೆ ಹೆಚ್ಚಾಗಿ ಇಂಥ ಲೆಕ್ಕವೇ ಕಾರಣ. ಹತ್ತನೆಯ ಶತಮಾನಕ್ಕಿಂತ ಹಿಂದಿನ ಶಾಸನಗಳಿಗೆ ಈ ಸಂವತ್ಸರ ಪರೀಕ್ಷೆ ಕೆಲವೊಮ್ಮೆ ಕೂಡುವುದಿಲ್ಲ; ಆಗ ಗುರುಗ್ರಹದ ಚಲನೆಯ ಮೇಲಿನ ಎಣಿಕೆಯೂ ಬಳಕೆಯಲ್ಲಿತ್ತು.

1903ರ ನಂತರ ಸಿಕ್ಕ ಶಾಸನ, ಶಿಲ್ಪಗಳಿಗೆ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಬೇಕು. ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ, ಎಂ.ಎಚ್. ಕೃಷ್ಣ ನಿರ್ದೇಶಕರಾಗಿದ್ದ ಕಾಲದ ವರದಿಗಳಲ್ಲಿ ಗುಡಿಗಳ ವಿವರಣೆ, ಫಲಕ, ನಕ್ಷೆ ಧಾರಾಳವಾಗಿವೆ. ವರದಿಯ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಉಲ್ಲೇಖದಲ್ಲಿ ಬರುವುದು ವರದಿಯ ವರ್ಷ. ಚಿತ್ರದುರ್ಗದ ಕಡೆ ವಿಷಯ ಹಿಡಿದವರಿಗೆ, ನಿಜವಾದ ಅರ್ಥದಲ್ಲಿ ‘ಪ್ರಾಚೀನ’ ಬೇಕಾದವರಿಗೆ, 1929ರ ವರದಿ ಅತಿ ಮುಖ್ಯ: ಚಂದ್ರವಳ್ಳಿಯ ಉತ್ಖನನ, ಕದಂಬ ಮಯೂರಶರ್ಮನ ಶಾಸನ ಅದರದೇ. ಜೊತೆಗೆ ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ ನಡೆಸಿದ ಉತ್ಖನನದ ವರದಿ, ಭಾರತ ಸರ್ಕಾರದ ಪುರಾತತ್ತ್ವ ಇಲಾಖೆಯ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 4ನೆಯ ಸಂಚಿಕೆ. ಅಲ್ಲಿ ಶಿಲ್ಪಕ್ಕಿಂತ ಮಡಕೆ, ಮಣಿ, ನಾಣ್ಯದ ಮಾತೇ ಹೆಚ್ಚು.

ಇ-ಆಕರಗಳ ಬಗ್ಗೆ ಚುಟುಕಾಗಿ. ನಿಮ್ಮ ಮಾರ್ಗದರ್ಶಕರು ಬೇಡವೆಂದದ್ದು ಪ್ರವಾಸದ ಬ್ಲಾಗುಗಳನ್ನು ಇರಬೇಕು. ಸ್ಕ್ಯಾನ್ ಆದ ಮೂಲಗ್ರಂಥ ಲೈಬ್ರರಿ ಆಕರವೇ. ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಒದಗಿಸುವ ಯೋಜನೆ) ಯೂಸರ್ ಐಡಿ ಕಾಲೇಜಿನ ಮೂಲಕ ಮಾತ್ರ ಬರುತ್ತದೆ, ಲೈಬ್ರರಿಯನ್ನರಿಗೆ ಹೆಸರು, ಇ-ಮೇಲ್ ಕೊಟ್ಟು ಕೇಳಿ. ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯಕ್ಕೊಂದು ಫೈಲಿನಂತೆ ಇರುತ್ತವೆ. ಮೊದಲು ಕೊನೆಯ ಫೈಲು, ಗ್ರಂಥಋಣ, ತೆರೆಯಿರಿ. ನಿಮ್ಮ ಊರಿಗೆ ಯಾವ ಸಂಪುಟ, ಯಾವ ವರದಿ ಬೇಕೆಂಬ ಪಟ್ಟಿ ಹದಿನೈದು ನಿಮಿಷದಲ್ಲಿ ಸಿಗುತ್ತದೆ. ನುಡಿ, ಬರಹದ ಹಳೆಯ ಫಾಂಟಿನಲ್ಲಿರುವ ಕನ್ನಡ ಪ್ರಬಂಧದೊಳಗೆ ಪದ ಹುಡುಕಿದರೆ ಏನೂ ಸಿಗದು, ಪುಟ ತಿರುವಿಯೇ ನೋಡಬೇಕು. ಇಂಟರ್ನೆಟ್ ಆರ್ಕೈವಿನಲ್ಲಿ ಹಳೆಯ ಶಾಸನ ಸಂಪುಟಗಳ ಸ್ಕ್ಯಾನ್ ಇವೆ. ಅಲ್ಲಿ ರೋಮನ್ ಪಾಠದ ತಲೆಗೆರೆ, ಕಾಲುಚುಕ್ಕಿಗಳನ್ನು ಯಂತ್ರ ತಪ್ಪಾಗಿ ಓದಿರುತ್ತದೆ, ‘ಳ’ ಇರುವ ಹೆಸರುಗಳಂತೂ ಗುರುತೇ ಸಿಗುವುದಿಲ್ಲ. ಪೋಲಾಳ್ವನನ್ನು ಪೂರ್ತಿ ಹೆಸರಿನಿಂದ ಹುಡುಕದೆ ತಾಲ್ಲೂಕು, ಸಂಖ್ಯೆ ಹಿಡಿದು ಪುಟಕ್ಕೆ ಹೋಗಿ. ಸ್ಕ್ಯಾನಿನಲ್ಲಿ ಪುಟ ಬಿಟ್ಟುಹೋಗಿದೆಯೇ ಎಂದು ಸಂಖ್ಯೆಯ ಸಾಲು ನೋಡಿ. ಮಡಚಿದ ನಕ್ಷೆಗಳನ್ನು ಬಿಚ್ಚದೆಯೇ ಸ್ಕ್ಯಾನ್ ಮಾಡಿರುವುದು ಮಾಮೂಲು. ಚಾಟ್‌ಬಾಟ್ ಕೊಟ್ಟ ಶಾಸನ ಸಂಖ್ಯೆಯನ್ನು ಸಂಪುಟದಲ್ಲಿ ಕಣ್ಣಾರೆ ನೋಡದೆ ಬಳಸಬೇಡಿ, ಇಲ್ಲದ ಸಂಖ್ಯೆಯನ್ನೂ ಅದು ಧೈರ್ಯವಾಗಿ ಹೇಳುತ್ತದೆ.

ಇಷ್ಟಾದ ಮೇಲೂ ಮೂರ್ನಾಲ್ಕು ಸಂಪುಟ ಕಾಲೇಜಿನಲ್ಲಿ ಸಿಗದೇ ಉಳಿಯುತ್ತವೆ. ಕಾಲೇಜು ಡೆಲ್‌ನೆಟ್ ಸದಸ್ಯನಾಗಿದ್ದರೆ ಬೇರೆ ಲೈಬ್ರರಿಯಿಂದ ತರಿಸಿಕೊಡಲು ಬರುತ್ತದೆ, ಆದರೆ ರೆಫರೆನ್ಸ್ ಸಂಪುಟಗಳನ್ನು ಕಳಿಸಲು ಯಾರೂ ಒಪ್ಪುವುದಿಲ್ಲ. ಹೋಗುವುದೇ ವಾಸಿ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯ ಮೊದಲು, ಅಲ್ಲಿ ಆಗದಿದ್ದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಶಾಸನದ ಪಡಿಯಚ್ಚೇ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಪ್ರತಿ) ನೋಡಬೇಕೆಂದರೆ ಮೈಸೂರಿನ ಕೇಂದ್ರ ಶಾಸನ ಶಾಖೆ. ಹೊರಡುವ ಮೊದಲು ಫೋನ್ ಮಾಡಿ ಸಂಪುಟ ಇದೆಯೇ, ಯಾವ ದಿನ ತೆರೆದಿರುತ್ತದೆ ಕೇಳಿಕೊಳ್ಳಿ. ಪ್ರಾಂಶುಪಾಲರ ಪತ್ರ ಎರಡು ಪ್ರತಿ ಇರಲಿ, ಒಂದನ್ನು ಅವರು ಇಟ್ಟುಕೊಳ್ಳುತ್ತಾರೆ. ಪತ್ರದಲ್ಲಿ ‘ಸಂಶೋಧನೆಗೆ ಅನುವು ಮಾಡಿಕೊಡಿ’ ಎಂಬ ಒಂದು ಸಾಲಿನ ಜೊತೆ ಬೇಕಾದ ಸಂಪುಟ, ವರ್ಷ, ಶಾಸನ ಸಂಖ್ಯೆಗಳನ್ನೂ ಬರೆಸಿ. ಪಟ್ಟಿ ಕೈಯಲ್ಲಿದ್ದರೆ ಬೀರುವಿನ ಬೀಗದ ಕೈ ಇರುವವರು ಬೇಗ ಎದ್ದು ಬರುತ್ತಾರೆ.